ಒಂದೇ ಗಾಳಿ, ಒಂದೇ ಗಳಿಗೆ: ರಾಕ್ ಕಛೇರಿ ಆನ್‌ಲೈನಿಗೆ ಯಾಕೆ ಒಗ್ಗಲಿಲ್ಲ

2019ರ ಡಿಸೆಂಬರ್ 15ರ ರಾತ್ರಿ ನವಿ ಮುಂಬಯಿಯ ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಯು2 ಬ್ಯಾಂಡ್ ನುಡಿಸಿತು. ಐರ್ಲೆಂಡಿನ ಈ ನಾಲ್ವರು ಭಾರತಕ್ಕೆ ಬಂದು ನುಡಿಸಿದ್ದು ಅದೇ ಮೊದಲು. ಅವರ ಆ ಲೋಕಪ್ರವಾಸದ ಕಡೆಯ ಕಛೇರಿಯೂ ಅದೇ. ಸಾವಿರಾರು ಜನ ಒಬ್ಬರ ಬೆವರು ಇನ್ನೊಬ್ಬರಿಗೆ ಅಂಟುವಷ್ಟು ಒತ್ತಾಗಿ ನಿಂತು, ಗಂಟಲು ಹರಿಯುವಂತೆ ಹಾಡಿ, ಹಾರ್ಬರ್ ಲೈನಿನ ಲೋಕಲ್ ಹಿಡಿದು ಮನೆಗೆ ಹೋದರು. ಮೂರು ತಿಂಗಳು ತುಂಬುವ ಮೊದಲೇ, 2020ರ ಮಾರ್ಚ್ 11ರಂದು, ವಿಶ್ವ ಆರೋಗ್ಯ ಸಂಸ್ಥೆ ಕೋವಿಡನ್ನು ಜಾಗತಿಕ ಮಹಾಮಾರಿ ಎಂದು ಸಾರಿತು. ಆ ರಾತ್ರಿ ನಾವು ಖುಷಿಯಿಂದ ಮಾಡಿದ್ದೆಲ್ಲವೂ, ಒತ್ತಿ ನಿಲ್ಲುವುದು, ಕಿರುಚುವುದು, ಗುರುತಿಲ್ಲದವರ ಹೆಗಲಿಗೆ ಕೈಹಾಕುವುದು, ಮಾಡಬಾರದ ಕೆಲಸಗಳ ಪಟ್ಟಿಗೆ ಸೇರಿತು.

ಆ ಎರಡು ವರ್ಷ ನನ್ನಂಥ ರಾಕ್ ಹುಚ್ಚಿನವರಿಗೆ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ. ಮಾಟುಂಗದಲ್ಲಿರುವ ನನ್ನ ದೊಡ್ಡಪ್ಪ ಅದನ್ನು ತಮ್ಮದೇ ಧಾಟಿಯಲ್ಲಿ ಕೇಳಿದರು: “ಅಲ್ಲ ಮಾರಾಯ, ಅದೇ ಪದ ಮೊಬೈಲಿನಲ್ಲಿ ಧರ್ಮಕ್ಕೆ ಬರುತ್ತದಲ್ಲ, ಮತ್ತೆ ಎಂತ ಸಂಕಟ ನಿನಗೆ?” ಇದೇ ದೊಡ್ಡಪ್ಪ ಪ್ರತಿ ಮಳೆಗಾಲ, ಊರಿನ ಮೇಳಗಳ ತಿರುಗಾಟ ಮುಗಿದು ಕಲಾವಿದರ ತಂಡಗಳು ಮುಂಬಯಿಗೆ ಬಂದಾಗ, ಸೊಂಟನೋವನ್ನೂ ಲೆಕ್ಕಿಸದೆ ಯಕ್ಷಗಾನಕ್ಕೆ ಹೋಗಿ ಮೊದಲ ಸಾಲಿನಲ್ಲಿ ಕೂರುವವರು. “ಹಾಗಾದರೆ ನೀವು ಆಟವನ್ನು ಮೊಬೈಲಿನಲ್ಲೇ ನೋಡಬಹುದಲ್ಲ?” ಎಂದೆ. “ಅದು ಬೇರೆ,” ಎಂದರು. ಏನು ಬೇರೆ ಎಂದು ಮಾತ್ರ ಹೇಳಲಿಲ್ಲ.

ಆ ‘ಬೇರೆ’ ಏನು ಎಂಬುದಕ್ಕೆ ಭಾವುಕತೆಯ ಹಂಗಿಲ್ಲದ ಉತ್ತರ ಇದೆ ಎಂಬುದು ನನ್ನ ವಾದ. ಅದರಲ್ಲಿ ಭೌತಶಾಸ್ತ್ರ ಇದೆ, ಒಂದಿಷ್ಟು ವೈದ್ಯಶಾಸ್ತ್ರ ಇದೆ, ಕಾನೂನಿದೆ, ದುಡ್ಡಿದೆ. ಒಂದೇ ಗಾಳಿಯನ್ನು ಒಂದೇ ಗಳಿಗೆಯಲ್ಲಿ ಹಂಚಿಕೊಳ್ಳುವುದರಿಂದ ಕಛೇರಿ ಹುಟ್ಟುತ್ತದೆ. ವೈರಾಣು ಆ ಗಾಳಿಗೆ ಕೈಹಾಕಿತು, ಇಂಟರ್‌ನೆಟ್‌ಗೆ ಆ ಗಳಿಗೆ ಸಿಗಲಿಲ್ಲ.

ಮುಚ್ಚಿದ ಕೋಣೆ

ಶುರುವಿನ ತಿಂಗಳುಗಳಲ್ಲಿ ನಮಗೆ ಹೇಳಿದ್ದು ಕೈ ತೊಳೆಯಿರಿ, ಮುಟ್ಟಿದ್ದನ್ನೆಲ್ಲ ಒರೆಸಿ ಎಂದು. ಕೆಮ್ಮಿದಾಗ ಸಿಡಿಯುವ ದೊಡ್ಡ ಹನಿಗಳು ಒಂದೆರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತವೆ, ಅಷ್ಟು ದೂರ ನಿಂತರೆ ಸಾಕು ಎಂಬುದು ಆಗಿನ ಲೆಕ್ಕ. ಆ ಲೆಕ್ಕ ತಪ್ಪಿದ್ದನ್ನು ತೋರಿಸಿಕೊಟ್ಟ ಮೊದಲ ಘಟನೆಗಳಲ್ಲಿ ಒಂದು ಸಂಗೀತಕ್ಕೇ ಸೇರಿದ್ದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ ಒಂದು ಗಾಯನವೃಂದ 2020ರ ಮಾರ್ಚ್ 10ರಂದು ಎರಡೂವರೆ ಗಂಟೆ ಅಭ್ಯಾಸ ಮಾಡಿತು. ಬಂದಿದ್ದವರು 61 ಜನ. ಅವರಲ್ಲಿ 53 ಮಂದಿಗೆ ಸೋಂಕು. 33 ಪರೀಕ್ಷೆಯಲ್ಲಿ ಖಚಿತವಾದದ್ದು, 20 ಲಕ್ಷಣಗಳಿಂದ ಊಹಿಸಿದ್ದು. ಇಬ್ಬರು ತೀರಿಕೊಂಡರು. ಸಭೆಯಲ್ಲಿ ಕಾಯಿಲೆಯ ಲಕ್ಷಣವಿದ್ದದ್ದು ಒಬ್ಬರಿಗೆ ಮಾತ್ರ. ಒಬ್ಬರ ಕೆಮ್ಮಿನ ಹನಿ ಇಷ್ಟೊಂದು ಜನರ ಮೂಗಿಗೆ ಸೇರುವುದು ಸುಲಭವಲ್ಲ. ಹಾಡುವಾಗ ಹೊರಬಂದ ಅತಿಸಣ್ಣ ಕಣಗಳು ಕೋಣೆಯ ಗಾಳಿಯಲ್ಲಿ ತೇಲುತ್ತಾ ಉಳಿದಿದ್ದವು ಎಂದುಕೊಂಡರೆ ಮಾತ್ರ ಲೆಕ್ಕ ಕೂಡುತ್ತಿತ್ತು.

ಉಸಿರಾಡುವಾಗ ಇಂಥ ಕಣಗಳು ಸ್ವಲ್ಪ ಬರುತ್ತವೆ, ಮಾತಾಡುವಾಗ ಹೆಚ್ಚು, ದನಿ ಏರಿದಷ್ಟೂ ಇನ್ನೂ ಹೆಚ್ಚು. ಈಗ ರಾಕ್ ಕ್ಲಬ್ಬನ್ನು ನೆನೆದುಕೊಳ್ಳಿ. ಹಾಡುವವನು ಮೈಕಿಗೆ ಬಾಯಿಟ್ಟು ಕೂಗುತ್ತಾನೆ. ಕೇಳುವವರೂ ಕೂಗುತ್ತಾರೆ, ಸಾಹಿತ್ಯ ಬಾಯಿಪಾಠ ಇರುವುದರಿಂದ. ಹಾಡದವನೂ ಸುಮ್ಮನಿರುವುದಿಲ್ಲ, ಸದ್ದು 100 ಡೆಸಿಬಲ್‌ನ ಆಸುಪಾಸಿನಲ್ಲಿರುವಾಗ ಪಕ್ಕದವನಿಗೆ “ಬಿಯರ್ ಬೇಕಾ?” ಎಂದು ಕೇಳಲು ಅವನ ಕಿವಿಗೆ ಬಾಯಿ ಹಚ್ಚಿ ಅರಚಬೇಕು. ಸಿನಿಮಾ ಮಂದಿರದಲ್ಲಿ ಜನ ಬಾಯಿಮುಚ್ಚಿ ಒಂದೇ ದಿಕ್ಕಿಗೆ ಮುಖಮಾಡಿ ಕೂತಿರುತ್ತಾರೆ. ಅದಕ್ಕೆ ಅರ್ಧ ಸೀಟು ಖಾಲಿ ಬಿಡಿ ಎಂಬ ನಿಯಮ ಮಾಡಬಹುದಿತ್ತು, ಮಹಾರಾಷ್ಟ್ರದಲ್ಲಿ 2020ರ ನವೆಂಬರಿನಲ್ಲಿ ಹಾಗೇ ಮಾಡಿ ತೆರೆದರು. ನಿಂತು ಕುಣಿಯುವ ಕಛೇರಿಗೆ ಸೀಟೇ ಇಲ್ಲ. ಮೊದಲು ಮುಚ್ಚಿದ ಬಾಗಿಲುಗಳಲ್ಲಿ ಇದೂ ಒಂದು, ಕೊನೆಗೆ ತೆರೆದವುಗಳಲ್ಲೂ ಒಂದು.

ಮುಂಬಯಿಗೆ ಮಾತ್ರ ಇದರಲ್ಲಿ ಒಂದು ಹೆಚ್ಚಿನ ತೊಡಕಿತ್ತು, ಅದರ ಬೇರು ಹಳೆಯದು. ಈ ಊರಿನ ರಾಕ್ ಬೆಳೆದದ್ದು ಬಯಲಿನಲ್ಲಿ. ಧೋಬಿ ತಲಾವ್‌ನಲ್ಲಿ ಸೇಂಟ್ ಝೇವಿಯರ್ಸ್ ಕಾಲೇಜಿನ ಮಗ್ಗುಲಿಗೆ ರಂಗಭವನ ಎಂಬ ಬಯಲು ರಂಗಮಂದಿರ. 1980ರಲ್ಲಿ ಇಂಗ್ಲೆಂಡಿನ ‘ದಿ ಪೋಲಿಸ್’ ಬ್ಯಾಂಡ್ ನುಡಿಸಿದ್ದು ಅಲ್ಲಿ. 1986ರಲ್ಲಿ ಶುರುವಾದ ‘ಇಂಡಿಪೆಂಡೆನ್ಸ್ ರಾಕ್’ ಉತ್ಸವ ಬೇರುಬಿಟ್ಟದ್ದೂ ಅಲ್ಲೇ. ಎರಡು ತಲೆಮಾರಿನ ಹುಡುಗರು ಕಪ್ಪು ಟೀಶರ್ಟು ಹಾಕಿಕೊಂಡು ಚರ್ಚ್‌ಗೇಟಿನಿಂದಲೋ ವಿಟಿ ಸ್ಟೇಷನ್ನಿನಿಂದಲೋ ನಡೆದುಕೊಂಡು ಬಂದು ಸೇರುತ್ತಿದ್ದ ಜಾಗ. ಆದರೆ 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲ 100 ಮೀಟರ್ ಶಾಂತ ವಲಯ. ರಂಗಭವನದ ಸುತ್ತ ಆಸ್ಪತ್ರೆಯೂ ಇದೆ, ಕಾಲೇಜೂ ಇದೆ. ಆ ದಶಕದ ಆರಂಭದ ವರ್ಷಗಳಲ್ಲೇ ಅಲ್ಲಿನ ಧ್ವನಿವರ್ಧಕಗಳು ಸುಮ್ಮನಾದವು. ಆಸ್ಪತ್ರೆಯಲ್ಲಿ ಮಲಗಿರುವವರ ಕಡೆಯಿಂದ ನೋಡಿದರೆ ಈ ನಿಯಮ ಸರಿಯೇ, ನನಗೆ ತಕರಾರಿಲ್ಲ.

ಬಯಲು ಕೈತಪ್ಪಿದ ಮೇಲೆ ರಾಕ್ ಒಳಗೆ ಹೋಯಿತು. ಲೋವರ್ ಪರೇಲಿನ ಹಳೆಯ ಗಿರಣಿಗಳ ಆವರಣಕ್ಕೆ, ಖಾರ್ ಮತ್ತು ಅಂಧೇರಿಯ ನೆಲಮಾಳಿಗೆಗಳಿಗೆ. ಅಲ್ಲೂ ನೆರೆಹೊರೆಯವರು ದೂರು ಕೊಡುತ್ತಾರೆ, ರಾತ್ರಿ ಹತ್ತಾಗುತ್ತಿದ್ದಂತೆ ಪೊಲೀಸರು ಬರುತ್ತಾರೆ. ಹಾಗಾಗಿ ಕ್ಲಬ್ಬಿನ ಮಾಲೀಕರು ಕಿಟಕಿ ಮುಚ್ಚಿದರು, ಗೋಡೆಗೆ ಫೋಮ್ ಹೊಡೆಸಿದರು, ಎರಡೆರಡು ಬಾಗಿಲು ಇಟ್ಟರು. ಸದ್ದು ಹೊರಗೆ ಹೋಗದಂತೆ ಮಾಡಿದ್ದೆಲ್ಲ ಗಾಳಿಯೂ ಹೋಗದಂತೆ ಮಾಡಿತು. ಕಂಡಿಯೊಂದಿದ್ದರೆ ಅದರಲ್ಲಿ ಸದ್ದೂ ಗಾಳಿಯೂ ಜೊತೆಗೇ ಹೊರಡುತ್ತವೆ. ಗೋಡೆಗೆ ಹಾಕಿದ ಸ್ಪ್ಲಿಟ್ ಏಸಿ ಹೊರಗಿನ ಗಾಳಿಯನ್ನು ತರುವುದಿಲ್ಲ, ಕೋಣೆಯೊಳಗಿನದನ್ನೇ ಎಳೆದು ತಣ್ಣಗೆ ಮಾಡಿ ಮತ್ತೆ ಬಿಡುತ್ತದೆ. ಶಬ್ದದ ಕಾನೂನನ್ನು ಚಾಚೂ ತಪ್ಪದೆ ಪಾಲಿಸಿ ಕಟ್ಟಿದ ಕೋಣೆಗಳೇ ಗಾಳಿಯಲ್ಲಿ ಹರಡುವ ರೋಗಕ್ಕೆ ಅತಿ ಕೆಟ್ಟ ಜಾಗಗಳಾದವು. ಇದರಲ್ಲಿ ಯಾರದ್ದೂ ತಪ್ಪಿಲ್ಲ. ಎರಡು ಒಳ್ಳೆಯ ನಿಯಮಗಳು ಒಂದಕ್ಕೊಂದು ಬೆನ್ನು ಹಾಕಿ ನಿಂತಿದ್ದವು, ಅಷ್ಟೇ.

ಮಿಲಿಸೆಕೆಂಡಿನ ಜಗಳ

ಸರಿ, ಕೋಣೆ ಮುಚ್ಚಿತು. ಬ್ಯಾಂಡಿನ ನಾಲ್ವರೂ ತಂತಮ್ಮ ಮನೆಯಲ್ಲಿ ಕೂತು ವಿಡಿಯೋ ಮೀಟಿಂಗಿನಲ್ಲಿ ಒಟ್ಟಿಗೆ ನುಡಿಸಬಹುದಿತ್ತಲ್ಲ? ಆಫೀಸುಗಳು ನಡೆದವು, ಶಾಲೆಗಳು ನಡೆದವು, ಮದುವೆ ಕೂಡ ಹಾಗೇ ನಡೆಯಿತು. ಬ್ಯಾಂಡುಗಳಿಗೆ ಮಾತ್ರ ಏನು ಬಂತು?

ಇದು ಅರ್ಥವಾಗಬೇಕಾದರೆ ಮೊದಲು ಸದ್ದಿನ ನಡಿಗೆ ನೋಡಬೇಕು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಅಂದರೆ ಒಂದು ಮೀಟರ್ ದಾಟಲು ಅದಕ್ಕೆ ಸುಮಾರು 3 ಮಿಲಿಸೆಕೆಂಡ್, ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು. ಡ್ರಮ್ಮರ್‌ನಿಂದ ಎರಡು ಮೀಟರ್ ದೂರದಲ್ಲಿ ನಿಂತ ಬೇಸ್ ಗಿಟಾರಿಸ್ಟ್‌ಗೆ ಹೊಡೆತ 6 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ. ಅದು ಯಾರಿಗೂ ಗೊತ್ತಾಗುವುದಿಲ್ಲ. ತಡ 25–30 ಮಿಲಿಸೆಕೆಂಡ್ ಆಯಿತೆಂದರೆ, ಅಂದರೆ ಇಬ್ಬರೂ ಎಂಟು ಹತ್ತು ಮೀಟರ್ ದೂರವಾದರೆಂದರೆ, ಜಗಳ ಶುರು. ಯಾರಿಗೂ ಏನು ತಪ್ಪಿತೆಂದು ತಿಳಿಯುವುದಿಲ್ಲ, ಆದರೆ ಲಯ ಹಿಂದಕ್ಕೆ ಜಗ್ಗಲು ತೊಡಗುತ್ತದೆ. ನಾನು ನಿನಗಾಗಿ ಕಾಯುತ್ತೇನೆ, ನೀನು ನನಗಾಗಿ ಕಾಯುತ್ತೀ, ಇಬ್ಬರೂ ಸೇರಿ ಹಾಡನ್ನು ನಿಧಾನ ಮಾಡುತ್ತೇವೆ. ವಾದಕರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ನಡೆಸಿದ ಚಪ್ಪಾಳೆಯ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. ತಮಾಷೆಯೆಂದರೆ, ತಡ ತೀರಾ ಕಡಿಮೆಯಾದರೆ ಜನ ಲಯವನ್ನು ಓಡಿಸಲು ಶುರುಮಾಡುತ್ತಾರೆ. ಒಂದಿಷ್ಟು ತಡ ನಮ್ಮ ಕಿವಿಗೆ ರೂಢಿಯಾದದ್ದು, ಬೇಕಾದದ್ದು.

ಯಕ್ಷಗಾನದ ಹಿಮ್ಮೇಳವನ್ನು ನೋಡಿ. ಭಾಗವತರು, ಮದ್ದಳೆ, ಚೆಂಡೆ, ಎಲ್ಲರೂ ಕೈಯಳತೆಯೊಳಗೆ. ಭಾಗವತರು ಪದ್ಯದ ನಡುವೆ ಉಸಿರೆಳೆದುಕೊಂಡದ್ದು ಮದ್ದಳೆಗಾರನಿಗೆ ಕಾಣುತ್ತದೆ, ಕೇಳುವುದಕ್ಕಿಂತ ಮೊದಲೇ. ಆ ಕೂರುವ ಕ್ರಮದ ಹಿಂದೆ ಮಿಲಿಸೆಕೆಂಡಿನ ಲೆಕ್ಕ ಯಾರೂ ಹಾಕಿರಲಿಲ್ಲ, ಆದರೆ ಲೆಕ್ಕ ಸರಿಯಾಗಿಯೇ ಇದೆ. ರಾಕ್ ಬ್ಯಾಂಡಿನವರು ದೊಡ್ಡ ವೇದಿಕೆಯಲ್ಲಿ ಹತ್ತಿಪ್ಪತ್ತು ಮೀಟರ್ ದೂರ ನಿಲ್ಲುತ್ತಾರೆ. ಅವರನ್ನು ಕಾಪಾಡುವುದು ಕಾಲ ಬುಡದಲ್ಲಿರುವ ಮಾನಿಟರ್ ಸ್ಪೀಕರು ಅಥವಾ ಕಿವಿಯೊಳಗಿನ ಇಯರ್‌ಫೋನು. ವಯರಿನಲ್ಲಿ ಓಡುವ ಸಂಕೇತಕ್ಕೆ ಗಾಳಿಯ ಆಮೆನಡಿಗೆ ಇಲ್ಲ.

ಹಾಗಾದರೆ ಇಂಟರ್‌ನೆಟ್ ಕೂಡ ವಯರೇ ತಾನೇ? ಹೌದು. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬಯಿಯಿಂದ ಬೆಂಗಳೂರಿಗೆ ಕೇಬಲ್ ದಾರಿ ಸಾವಿರ ಕಿಲೋಮೀಟರ್ ಎಂದಿಟ್ಟುಕೊಂಡರೆ ಬೇಕಾಗುವ ಸಮಯ 5 ಮಿಲಿಸೆಕೆಂಡ್. ಒಂದೇ ಕೋಣೆಯಲ್ಲಿ ಒಂದೂವರೆ ಮೀಟರ್ ದೂರ ಕೂತಷ್ಟೇ! ದೂರ ಇಲ್ಲಿ ಅಡ್ಡಿಯೇ ಅಲ್ಲ. ತಡವಾಗುವುದು ದಾರಿಯ ಎರಡು ತುದಿಗಳಲ್ಲಿ.

ಗಿಟಾರಿನ ಸದ್ದನ್ನು ಕಂಪ್ಯೂಟರು ತುಣುಕು ತುಣುಕಾಗಿ ಸಂಗ್ರಹಿಸುತ್ತದೆ. ತುಣುಕು ತುಂಬುವವರೆಗೆ ಕಾಯಬೇಕು. ಅದನ್ನು ಕುಗ್ಗಿಸುತ್ತದೆ, ಅದಕ್ಕಷ್ಟು ಸಮಯ. ಮನೆಯ ವೈಫೈ ಒಂದು ತುಣುಕನ್ನು ಬೇಗ, ಇನ್ನೊಂದನ್ನು ತಡವಾಗಿ ಕಳಿಸುತ್ತದೆ. ಆ ಏರುಪೇರು ಕೇಳದಿರಲಿ ಎಂದು ಆ ಕಡೆಯ ಕಂಪ್ಯೂಟರು ಬಂದದ್ದನ್ನೆಲ್ಲ ಸ್ವಲ್ಪ ಹೊತ್ತು ತಡೆದಿಟ್ಟುಕೊಂಡು ಆಮೇಲೆ ಬಿಡುತ್ತದೆ. ನಡುವೆ ಕಂಪನಿಯ ಸರ್ವರ್ ಯಾವ ಊರಿನಲ್ಲಿದೆಯೋ ಅಲ್ಲಿಗೊಂದು ಸುತ್ತು. ಕೊನೆಗೆ ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡಿದ್ದರೆ ಅದರದ್ದೇ ನೂರಕ್ಕೂ ಹೆಚ್ಚು ಮಿಲಿಸೆಕೆಂಡ್ ಇರಬಹುದು. ಎಲ್ಲ ಸೇರಿ ಸಾಮಾನ್ಯ ವಿಡಿಯೋ ಕರೆಯಲ್ಲಿ 150 ಮಿಲಿಸೆಕೆಂಡ್ ಆಗುವುದು ಏನೂ ಅಪರೂಪವಲ್ಲ. ಮಾತಿಗೆ ಅದು ಸಾಕು. ನಿಮಿಷಕ್ಕೆ 120 ಹೊಡೆತದ ಸಾಧಾರಣ ರಾಕ್ ಹಾಡಿನಲ್ಲಿ ಒಂದು ಹೊಡೆತಕ್ಕೆ 500 ಮಿಲಿಸೆಕೆಂಡ್, ಅದರ ಕಾಲು ಭಾಗ 125. ಅಂದರೆ ಡ್ರಮ್ಮರ್ ಹೊಡೆದದ್ದು ಗಿಟಾರಿಸ್ಟ್‌ಗೆ ತಲುಪುವಾಗ ಹಾಡು ಕಾಲು ಹೊಡೆತಕ್ಕಿಂತ ಮುಂದೆ ಹೋಗಿಯಾಗಿದೆ; ಗಿಟಾರಿಸ್ಟ್‌ನದು ತಿರುಗಿ ಡ್ರಮ್ಮರ್‌ಗೆ ಬರುವಾಗ ಅರ್ಧ ಹೊಡೆತ ಮೀರಿದೆ. ಐವತ್ತು ಮೀಟರ್ ದೂರ ನಿಂತು, ಒಬ್ಬರ ಮುಖ ಒಬ್ಬರಿಗೆ ಕಾಣದೆ, ಕೂಗಿಕೊಂಡು ನುಡಿಸಿದ ಹಾಗೆ.

ಇಷ್ಟು ಸಾಲದೆಂಬಂತೆ ಮೀಟಿಂಗ್ ತಂತ್ರಾಂಶಗಳು ಮನುಷ್ಯರ ಮಾತಿಗೆಂದೇ ಮಾಡಿದವು. ಫ್ಯಾನು, ಏಸಿ, ಅಡುಗೆಮನೆಯ ಮಿಕ್ಸಿ, ಇಂಥ ಎಡೆಬಿಡದ ಸದ್ದನ್ನೆಲ್ಲ ಅವು ಗದ್ದಲವೆಂದು ಅಳಿಸುತ್ತವೆ. ಡಿಸ್ಟಾರ್ಶನ್ ಹಾಕಿ, ಅಂದರೆ ಸದ್ದನ್ನು ಬೇಕೆಂದೇ ಒರಟು ಮಾಡಿ, ಎಳೆದ ಗಿಟಾರಿನ ಸ್ವರವೂ ಆ ತಂತ್ರಾಂಶಕ್ಕೆ ಮಿಕ್ಸಿಯಂತೆಯೇ ಕೇಳುತ್ತದೆ. (ಈ ವಿಷಯದಲ್ಲಿ ದೊಡ್ಡಪ್ಪನೂ ತಂತ್ರಾಂಶದ ಪಕ್ಷ.) ಜೊತೆಗೆ ಪ್ರತಿಧ್ವನಿ ತಪ್ಪಿಸಲು ಒಬ್ಬರು ಮಾತಾಡುವಾಗ ಇನ್ನೊಬ್ಬರ ದನಿ ತಗ್ಗಿಸುತ್ತದೆ. ನಾಲ್ವರು ಒಟ್ಟಿಗೆ ನುಡಿಸಿದರೆ ಯಾರೋ ಒಬ್ಬರದು ಮಾತ್ರ ಕೇಳುತ್ತದೆ, ಅದೂ ತುಂಡು ತುಂಡಾಗಿ. ಆಮೇಲೆ ಇಂಥ ತಂತ್ರಾಂಶಗಳಲ್ಲಿ ಸಂಗೀತಕ್ಕೆಂದು ಬೇರೆ ಸೆಟ್ಟಿಂಗ್ ಬಂತು. ಅದು ಸದ್ದನ್ನು ಅಳಿಸದೆ ಬಿಟ್ಟಿತು, ತಡವನ್ನು ಮಾತ್ರ ಹಾಗೇ ಉಳಿಸಿತು.

ದಾರಿ ಇರಲೇ ಇಲ್ಲ ಎಂದಲ್ಲ. ಜ್ಯಾಕ್‌ಟ್ರಿಪ್, ಜಾಮುಲಸ್ ಎಂಬ ಉಚಿತ ತಂತ್ರಾಂಶಗಳು ಮಹಾಮಾರಿಗೂ ಮೊದಲೇ ಇದ್ದವು. ವೈಫೈ ಬಿಟ್ಟು ಕೇಬಲ್ ಚುಚ್ಚಿ, ಬ್ಲೂಟೂತ್ ಬಿಟ್ಟು ವಯರಿನ ಹೆಡ್‌ಫೋನ್ ಹಾಕಿ, ಒಳ್ಳೆಯ ಆಡಿಯೋ ಇಂಟರ್‌ಫೇಸ್ ಕೊಂಡು, ಒಂದೇ ಊರಿನಲ್ಲಿರುವವರು ಕೂತರೆ ತಡವನ್ನು ತಾಳಿಕೊಳ್ಳುವ ಮಟ್ಟಕ್ಕೆ ತರಬಹುದಿತ್ತು. ಬಹುಪಾಲು ಬ್ಯಾಂಡುಗಳು ಅಷ್ಟು ದೂರ ಹೋಗಲಿಲ್ಲ. 2020ರ ಏಪ್ರಿಲ್, ಮೇ ತಿಂಗಳಲ್ಲಿ ನೀವೆಲ್ಲ ನೋಡಿರುವ ಆ ವಿಡಿಯೋಗಳು, ಪರದೆ ನಾಲ್ಕು ಚೌಕವಾಗಿ ಒಬ್ಬೊಬ್ಬ ಒಂದೊಂದರಲ್ಲಿ ತಲೆಯಾಡಿಸುತ್ತಾ ನುಡಿಸುವಂಥವು, ಬಹುತೇಕ ಯಾವುವೂ ಒಟ್ಟಿಗೆ ನುಡಿಸಿದ್ದಲ್ಲ. ಒಬ್ಬೊಬ್ಬರೂ ಕಿವಿಯಲ್ಲಿ ಲಯ ತೋರಿಸುವ ಕ್ಲಿಕ್ ಟ್ರ್ಯಾಕಿನ ಟಿಕ್‌ಟಿಕ್ ಇಟ್ಟುಕೊಂಡು ಬೇರೆ ಬೇರೆ ದಿನ ಮುದ್ರಿಸಿದ್ದು. ಅವರನ್ನು ಒಟ್ಟು ಸೇರಿಸಿದ್ದು ಎಡಿಟರ್. ಚೆನ್ನಾಗಿಯೇ ಇದ್ದವು. ಆದರೆ ಅಲ್ಲಿ ಡ್ರಮ್ಮರ್ ಯಾರ ಮಾತನ್ನೂ ಕೇಳುತ್ತಿರಲಿಲ್ಲ, ಯಂತ್ರದ ಮಾತನ್ನು ಬಿಟ್ಟು.

ಒಬ್ಬರೇ ಹಾಡುವ ನೇರಪ್ರಸಾರಕ್ಕೆ ಈ ಸಮಸ್ಯೆ ಇರಲಿಲ್ಲ, ಅದಕ್ಕೇ ಆ ವರ್ಷ ಅಷ್ಟೊಂದು ಅಕೂಸ್ಟಿಕ್ ಗಿಟಾರುಗಳು ಕಂಡದ್ದು. ಅಲ್ಲಿ ತಪ್ಪಿದ್ದು ಇನ್ನೊಂದು ಕೊಂಡಿ. ಹಾಡು ಮುಗಿಸಿದ ಗಾಯಕ ಕ್ಯಾಮೆರಾ ನೋಡುತ್ತಾ ಮೌನವಾಗಿ ಕಾಯಬೇಕು. ಹತ್ತಿಪ್ಪತ್ತು ಸೆಕೆಂಡ್ ಕಳೆದ ಮೇಲೆ ಪರದೆಯ ಮೂಲೆಯಲ್ಲಿ ಕೆಂಪು ಹೃದಯಗಳು ತೇಲಿಬರುತ್ತವೆ. ಸಭೆ ಕಾವೇರಿದ್ದನ್ನು ನೋಡಿ ಇನ್ನೊಂದು ಸುತ್ತು ಸೋಲೋ ಎಳೆಯುವುದು, ಜನ ತೂಕಡಿಸುತ್ತಿದ್ದರೆ ಪಟ್ಟಿಯಲ್ಲಿದ್ದ ನಿಧಾನದ ಹಾಡನ್ನು ಬಿಟ್ಟುಬಿಡುವುದು, ಇವೆಲ್ಲ ಸಾಧ್ಯವಾಗುವುದು ಕೇಳುಗನ ಉತ್ತರ ಆ ಕ್ಷಣಕ್ಕೇ ಬಂದಾಗ. ಪುಣೆಯಲ್ಲಿ 2010ರಲ್ಲಿ ಹುಟ್ಟಿದ ಎನ್‌ಎಚ್7 ವೀಕೆಂಡರ್ ಉತ್ಸವ 2020ರಲ್ಲಿ ಆನ್‌ಲೈನಿನಲ್ಲೇ ನಡೆಯಿತು. ಶ್ರಮಕ್ಕೆ ಮೆಚ್ಚುಗೆ ಇದೆ. ನಾನಂತೂ ನಡುವೆ ಎದ್ದು ಹೋಗಿ ಕುಕ್ಕರ್ ಇಳಿಸಿ ಬಂದೆ. ಬಯಲಿನಲ್ಲಿ ನಿಂತಿದ್ದರೆ ಮೂತ್ರಕ್ಕೂ ಹೋಗದೆ ತಡೆದುಕೊಂಡಿರುತ್ತಿದ್ದೆ.

ಎದೆಗೆ ಕೇಳುವ ಸದ್ದು

ಇನ್ನೊಂದು ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬೇಸ್ ಗಿಟಾರಿನ ಅತಿ ದಪ್ಪ ತಂತಿಯನ್ನು ಬಿಟ್ಟು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಆ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು, ನಮ್ಮ ಒಂದು ಬಿಎಚ್‌ಕೆ ಫ್ಲ್ಯಾಟಿನ ಹಾಲಿಗಿಂತ ಉದ್ದ. ಅಷ್ಟು ಗಾಳಿಯನ್ನು ತಳ್ಳಲು ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು ಬೇಕು. ಮೊಬೈಲಿನ ಕಡಲೆಬೀಜದಷ್ಟಿರುವ ಸ್ಪೀಕರು ಈ ಮಂದ್ರವನ್ನು ಹೊರಡಿಸುವುದೇ ಇಲ್ಲ. ಆದರೂ ನಮಗೆ ಬೇಸ್ ಕೇಳಿದಂತಿರುತ್ತದೆ, ಏಕೆಂದರೆ ಮೇಲಿನ ಉಪಸ್ವರಗಳನ್ನು ಕೇಳಿ ಮೆದುಳು ಕೆಳಗಿನ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಮೆದುಳು ಸ್ವರವನ್ನು ಊಹಿಸಬಲ್ಲದು, ಎದೆಗೂಡಿಗೆ ಬೀಳುವ ಗುದ್ದನ್ನು ಊಹಿಸಲಾರದು. ಚೆಂಡೆಯ ಪೆಟ್ಟು ಎದೆಗೆ ತಾಗುವಷ್ಟು ಹತ್ತಿರ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸದ್ದಿನ ಮೇಲೆ ಜನರ ಮೈಯೂ ಕೆಲಸ ಮಾಡುತ್ತದೆ. ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ಸೌಂಡ್‌ಚೆಕ್ ಮಾಡುವಾಗ ಪ್ರತಿಯೊಂದು ಏಟೂ ಗೋಡೆಗೆ ಬಡಿದು ವಾಪಸು ಬರುತ್ತದೆ. ಸದ್ದಿನ ಹದ ನೋಡಲು ಮಿಕ್ಸಿಂಗ್ ಕನ್ಸೋಲಿನ ಮುಂದೆ ಕೂತವನು ತಲೆ ಕೆಡಿಸಿಕೊಳ್ಳುವುದಿಲ್ಲ; ಸಂಜೆ ಜನ ಬಂದ ಮೇಲೆ ಸರಿಹೋಗುತ್ತದೆ ಎಂಬುದು ಅವನಿಗೆ ಗೊತ್ತು. ಬಟ್ಟೆ ತೊಟ್ಟ ನೂರಾರು ಮೈಗಳು ತಾರದ ಸದ್ದನ್ನು ಹೀರಿಕೊಂಡು ಕೋಣೆಯನ್ನು ಹದಕ್ಕೆ ತರುತ್ತವೆ. ಟಿಕೆಟು ಕೊಂಡು ಬಂದವನು ಕೇಳುಗನೂ ಹೌದು, ಆ ಸಭಾಂಗಣದ ಉಪಕರಣಗಳಲ್ಲಿ ಒಂದೂ ಹೌದು.

ಎರಡು ಚಳಿಗಾಲ

ದುಡ್ಡಿನ ಕತೆ ಎಲ್ಲರಿಗೂ ಒಂದಷ್ಟು ಗೊತ್ತು. ಆಲ್ಬಮ್ ಮಾರಿ ಬದುಕುವ ಕಾಲ ಮುಗಿದಿತ್ತು, ಸ್ಟ್ರೀಮಿಂಗ್‌ನಿಂದ ಬರುವುದು ಪುಡಿಗಾಸು, ಬ್ಯಾಂಡುಗಳು ಬದುಕಿದ್ದೇ ವೇದಿಕೆಯಿಂದ. ಕಡಿಮೆ ಗಮನಕ್ಕೆ ಬಂದದ್ದು ನಮ್ಮ ಕಡೆಯ ಋತುಮಾನ. ಮುಂಬಯಿ, ಪುಣೆ, ಗೋವಾಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ; ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು. ಬಯಲಿನ ದೊಡ್ಡ ಕಛೇರಿಗಳ ವರ್ಷವೆಂದರೆ ನವೆಂಬರ್‌ನಿಂದ ಫೆಬ್ರವರಿ. ಲಾಕ್‌ಡೌನ್ ಬಂದದ್ದು 2020ರ ಮಾರ್ಚ್ 25ಕ್ಕೆ, ಒಂದು ಸುಗ್ಗಿ ಮುಗಿದ ಕೂಡಲೇ. ಮುಂದಿನ ಚಳಿಗಾಲ ಪೂರ್ತಿ ಹೋಯಿತು. 2021ರ ಬೇಸಗೆಯಲ್ಲಿ ಎರಡನೆಯ ಅಲೆ. ಅಕ್ಟೋಬರ್ 22ಕ್ಕೆ ಮಹಾರಾಷ್ಟ್ರದಲ್ಲಿ ನಾಟಕಮಂದಿರಗಳು ಅರ್ಧ ಸೀಟಿನ ನಿಯಮದೊಂದಿಗೆ ತೆರೆದವು, ಎಲ್ಲರೂ ಡೈರಿ ತೆಗೆದು ದಿನಾಂಕ ಬರೆದುಕೊಳ್ಳುತ್ತಿರುವಾಗ ಡಿಸೆಂಬರಿನಲ್ಲಿ ಓಮೈಕ್ರಾನ್ ಬಂತು. ನಿರ್ಬಂಧಗಳೆಲ್ಲ ತೆಗೆದದ್ದು 2022ರ ಏಪ್ರಿಲ್‌ನಲ್ಲಿ, ಗುಡಿ ಪಾಡ್ವದ ಹೊತ್ತಿಗೆ. ಆಗ ಮತ್ತೆ ಬಿಸಿಲು, ಆಮೇಲೆ ಮಳೆ.

ಕ್ಯಾಲೆಂಡರಿನಲ್ಲಿ ಎರಡು ವರ್ಷ ಎಂದರೂ ಬಯಲು ಕಛೇರಿ ನಂಬಿದವರ ಲೆಕ್ಕದಲ್ಲಿ ಅದು 2020ರ ಫೆಬ್ರವರಿಯಿಂದ 2022ರ ನವೆಂಬರ್‌ವರೆಗಿನ ಬರ. ಹಾಡುವವರಿಗಿಂತ ಪೆಟ್ಟು ಹೆಚ್ಚು ತಿಂದವರು ಲೈಟು ಕಟ್ಟುವವರು, ಲೈಟು ತೂಗುವ ಲೋಹದ ಚೌಕಟ್ಟು (ಟ್ರಸ್) ಏರಿಸುವವರು, ಕೇಬಲ್ ಸುತ್ತುವ ಹುಡುಗರು, ಜನರೇಟರಿನವರು, ಟೆಂಪೋದವರು. ದಿನಗೂಲಿಯ ಕೆಲಸ, ಹಾಡುವವನಿಗಿದ್ದ ಆನ್‌ಲೈನ್ ಎಂಬ ತೇಪೆ ಕೂಡ ಅವರಿಗಿರಲಿಲ್ಲ. ಅಮೆರಿಕದಲ್ಲಿ 2020ರ ಡಿಸೆಂಬರಿನಲ್ಲಿ ಮುಚ್ಚಿದ ರಂಗಮಂದಿರ, ಕ್ಲಬ್ಬುಗಳಿಗೆಂದು 15 ಶತಕೋಟಿ ಡಾಲರ್ ತೆಗೆದಿಟ್ಟರು. ಇಲ್ಲಿ ಪರಿಚಯದವರೇ ಸೇರಿ ಅಕ್ಕಿ, ಬೇಳೆ ಹಂಚಿದರು.

ರಾಕ್‌ಗೆ ಮಾತ್ರ ಬಂದ ಕಷ್ಟವೂ ಇದಲ್ಲ. ಸವಾಯಿ ಗಂಧರ್ವರ ನೆನಪಿನಲ್ಲಿ, ಅಂದರೆ ಕುಂದಗೋಳದ ರಾಮಭಾವು ಅವರ ನೆನಪಿನಲ್ಲಿ, ಗದಗದ ಭೀಮಸೇನ ಜೋಶಿ ಪುಣೆಯಲ್ಲಿ 1953ರಲ್ಲಿ ಶುರುಮಾಡಿದ ಮಹೋತ್ಸವ 2020ರ ಡಿಸೆಂಬರಿನಲ್ಲಿ ನಡೆಯಲಿಲ್ಲ. ನಮ್ಮ ಕರಾವಳಿಯ ಮೇಳಗಳ ತಿರುಗಾಟ 2020ರ ಮಾರ್ಚ್‌ನಲ್ಲೇ ಅರ್ಧಕ್ಕೆ ನಿಂತಿತು. ಆ ಮಳೆಗಾಲ ಮುಂಬಯಿಗೂ ಯಾರೂ ಬರಲಿಲ್ಲ. ದೊಡ್ಡಪ್ಪನಿಗೂ ನನಗೂ ಸಂಕಟ ಒಂದೇ ಆಗಿದ್ದ ವರ್ಷ ಅದು.

ಪ್ರಯೋಗಕ್ಕೆ ನಿಂತವರು

ಮತ್ತೆ ತೆರೆಯುವುದು ಹೇಗೆ ಎಂಬುದನ್ನು ಕೆಲವು ಕಡೆ ನಿಜವಾದ ಕಛೇರಿ ಮಾಡಿಯೇ ಪರೀಕ್ಷಿಸಿದರು. ಜರ್ಮನಿಯ ಲೈಪ್‌ಜಿಗ್‌ನಲ್ಲಿ 2020ರ ಆಗಸ್ಟ್ 22ರಂದು ಹಾಲೆ ವಿಶ್ವವಿದ್ಯಾಲಯದವರು ಟಿಮ್ ಬೆಂಡ್ಸ್‌ಕೊ ಎಂಬ ಗಾಯಕನನ್ನು ಕರೆಸಿ ಒಂದೇ ದಿನ ಮೂರು ಬಗೆಯಲ್ಲಿ ಕಛೇರಿ ನಡೆಸಿದರು: ಹಿಂದಿನಂತೆ ಒತ್ತಾಗಿ, ಸ್ವಲ್ಪ ಬಿಡಿಯಾಗಿ, ತೀರಾ ದೂರದೂರ. ಸುಮಾರು 1,400 ಮಂದಿ ಸ್ವಯಂಸೇವಕರು. ಅವರ ಕೈಗೆ ಕೊಟ್ಟ ಸ್ಯಾನಿಟೈಸರಿನಲ್ಲಿ ಹೊಳೆಯುವ ಬಣ್ಣ, ಯಾರು ಎಲ್ಲೆಲ್ಲಿ ಮುಟ್ಟಿದರೆಂದು ತಿಳಿಯಲು. ಕೊರಳಲ್ಲಿ ಯಾರ ಹತ್ತಿರ ಎಷ್ಟು ಹೊತ್ತು ನಿಂತರೆಂದು ಅಳೆಯುವ ಉಪಕರಣ. ಗಿಜಿಗುಟ್ಟುವುದು ಹಾಡಿನ ಹೊತ್ತಿಗಿಂತ ಒಳಬರುವಾಗ ಮತ್ತು ವಿರಾಮದಲ್ಲಿ ಎಂದು ಕಂಡಿತು. ಎಲ್ಲಕ್ಕಿಂತ ಮುಖ್ಯವಾದದ್ದು ಗಾಳಿಯಾಟ. ಅದು ಕೆಟ್ಟರೆ ಅಪಾಯ ಹಲವು ಪಟ್ಟು ಏರುತ್ತದೆ.

ಬಾರ್ಸಿಲೋನಾದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. 2020ರ ಡಿಸೆಂಬರಿನಲ್ಲಿ ಸುಮಾರು ಸಾವಿರ ಜನರನ್ನು ಪರೀಕ್ಷಿಸಿ, ಚೀಟಿ ಎತ್ತಿದಂತೆ ಅರ್ಧ ಜನರನ್ನು ಕ್ಲಬ್ಬಿನೊಳಗೆ ಬಿಟ್ಟು ಉಳಿದವರನ್ನು ಮನೆಗೆ ಕಳಿಸಿದರು. ಒಳಗೆ ಹೋದವರು ಮಾಸ್ಕ್ ಹಾಕಿ ಕುಣಿದರು, ಗಾಳಿಯ ವ್ಯವಸ್ಥೆ ಚೆನ್ನಾಗಿತ್ತು. ಆಮೇಲೆ ನೋಡಿದರೆ ಒಳಗೆ ಹೋದವರಲ್ಲಿ ಯಾರಿಗೂ ಸೋಂಕಿಲ್ಲ, ಮನೆಗೆ ಹೋದವರಲ್ಲಿ ಇಬ್ಬರಿಗೆ ಬಂದಿತ್ತು. 2021ರ ಮಾರ್ಚ್ 27ರಂದು ಅದೇ ಊರಿನಲ್ಲಿ 5,000 ಜನರ ರಾಕ್ ಕಛೇರಿ. ಎರಡು ವಾರದಲ್ಲಿ ಸೋಂಕು ಕಂಡದ್ದು 6 ಮಂದಿಗೆ, ಅದರಲ್ಲಿ 4 ಬೇರೆ ಕಡೆ ಅಂಟಿದ್ದು. ಇದನ್ನು ಓದಿ ನಾವು ಕೆಲವರು ಕುಣಿದಾಡಿದ್ದುಂಟು. ಆದರೆ ಇಂಥ ಪ್ರಯೋಗ ಹೇಳುವುದು ಇಷ್ಟೇ: ಬಾಗಿಲಲ್ಲೇ ಎಲ್ಲರನ್ನೂ ಪರೀಕ್ಷಿಸಿ, ಒಳ್ಳೆಯ ಮಾಸ್ಕ್ ಕೊಟ್ಟು, ಗಾಳಿ ಬದಲಾಯಿಸುತ್ತಿದ್ದರೆ ಆಗುತ್ತದೆ. ಆ ಖರ್ಚಿಗೆ ಎದೆಗೊಡುವ ಕ್ಲಬ್ಬು ಮುಂಬಯಿಯಲ್ಲಿ ಇರಲಿಲ್ಲ. ಅಮೆರಿಕದ ಫ್ಲೇಮಿಂಗ್ ಲಿಪ್ಸ್ ಬ್ಯಾಂಡ್ 2021ರ ಜನವರಿಯಲ್ಲಿ ಕೇಳುಗರನ್ನೂ ತಮ್ಮನ್ನೂ ದೊಡ್ಡ ಪ್ಲಾಸ್ಟಿಕ್ ಗುಳ್ಳೆಗಳೊಳಗೆ ಕೂರಿಸಿ ಕಛೇರಿ ಮಾಡಿತು. ಅದರ ಬಗ್ಗೆ ನನಗೆ ಪ್ರೀತಿಯೂ ಇದೆ, ನಗುವೂ ಬರುತ್ತದೆ.

ತಿರುಗಿ ಬಂದದ್ದು ಯಾವುದು

2022ರ ನವೆಂಬರಿನಲ್ಲಿ ಇಂಡಿಪೆಂಡೆನ್ಸ್ ರಾಕ್, ಮಹಾಮಾರಿಗೂ ಎಷ್ಟೋ ಮೊದಲೇ ನಿಂತುಹೋಗಿದ್ದದ್ದು, ಮುಂಬಯಿಯಲ್ಲಿ ಮತ್ತೆ ನಡೆಯಿತು. 2023ರ ಜನವರಿ 28, 29ಕ್ಕೆ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಲೊಲ್ಲಾಪಲೂಝಾ ಎಂಬ ಅಮೆರಿಕನ್ ಸಂಗೀತೋತ್ಸವದ ಮೊದಲ ಭಾರತದ ಆವೃತ್ತಿ. 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ಡಿ.ವೈ. ಪಾಟೀಲ್‌ನಲ್ಲಿ ಮೂರು ರಾತ್ರಿ, ಮೇ ತಿಂಗಳಲ್ಲಿ ಮಹಾಲಕ್ಷ್ಮಿಯಲ್ಲಿ ಗನ್ಸ್ ಎನ್ ರೋಸಸ್. 2007ರಲ್ಲಿ ಐರನ್ ಮೇಡನ್‌ಗೆ, 2011ರಲ್ಲಿ ಮೆಟಾಲಿಕಾಗೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಇಡೀ ದಿನ ಕೂತು ಬೆಂಗಳೂರಿನ ಅರಮನೆ ಮೈದಾನಕ್ಕೆ ಹೋಗುತ್ತಿದ್ದ ಮುಂಬಯಿಯವರಿಗೆ ಈಗ ಬೆಂಗಳೂರಿನವರೇ ಎದುರಾಗುತ್ತಾರೆ, ನೆರೂಳಿನ ಪ್ಲಾಟ್‌ಫಾರ್ಮಿನಲ್ಲಿ “ಗೇಟ್ ಎಲ್ಲಿದೆ ಗುರು?” ಎಂದು ಕೇಳಿಕೊಂಡು.

ಆನ್‌ಲೈನ್ ಕಛೇರಿಯ ಗತಿ ಏನಾಯಿತು ಎಂಬುದಕ್ಕೂ ಕೋಲ್ಡ್‌ಪ್ಲೇ ಉತ್ತರ ಕೊಟ್ಟಿತು. ಜನವರಿ 26ರ ಅಹಮದಾಬಾದಿನ ಕಛೇರಿ ದೇಶಕ್ಕೆಲ್ಲ ಮೊಬೈಲಿನಲ್ಲಿ ನೇರಪ್ರಸಾರವಾಯಿತು. ಅದರಿಂದ ಕ್ರೀಡಾಂಗಣದ ಒಂದು ಸೀಟೂ ಖಾಲಿ ಉಳಿಯಲಿಲ್ಲ. ಟಿಕೆಟು ಸಿಗದವರು ಪ್ರಸಾರ ನೋಡಿ ಸಮಾಧಾನ ಮಾಡಿಕೊಂಡರು, ಸಿಕ್ಕವರಲ್ಲಿ ಯಾರೂ ಟಿಕೆಟು ಬಿಟ್ಟು ಮನೆಯಲ್ಲಿ ಕೂರಲಿಲ್ಲ.

ಆದರೆ ನಾನು ಹೇಳುತ್ತಾ ಬಂದ ಗಾಳಿ ಮತ್ತು ಗಳಿಗೆಯ ಲೆಕ್ಕವನ್ನು ಈ ಕ್ರೀಡಾಂಗಣಗಳಿಗೂ ಹಚ್ಚಬೇಕಲ್ಲ. ವೇದಿಕೆಯಿಂದ ನೂರು ಮೀಟರ್ ಹಿಂದೆ ನಿಂತವನಿಗೆ ಸದ್ದು ಗಾಳಿಯಲ್ಲಿ ಬರುವಾಗ 290 ಮಿಲಿಸೆಕೆಂಡ್ ತಡ. ಅಷ್ಟು ದೂರಕ್ಕೂ ಸದ್ದು ಜೋರಾಗಿ ಕೇಳಲೆಂದು ನಡುವೆ ಗೋಪುರ ಕಟ್ಟಿ ಸ್ಪೀಕರು ಇಡುತ್ತಾರೆ. ಮುಂದಿನ ಸ್ಪೀಕರಿನ ಸದ್ದು ಅಲ್ಲಿಗೆ ಬಂದು ತಲುಪುವವರೆಗೆ ಗೋಪುರದ ಸ್ಪೀಕರನ್ನು ಬೇಕೆಂದೇ ತಡಮಾಡುತ್ತಾರೆ, ಇಲ್ಲದಿದ್ದರೆ ಒಂದೇ ಮಾತು ಎರಡು ಸಲ ಕೇಳುತ್ತದೆ. ಪರದೆಯ ಮೇಲೆ ಕೈ ತಂತಿ ಮೀಟಿದ್ದು ಮೊದಲು ಕಾಣುತ್ತದೆ, ಸ್ವರ ಆಮೇಲೆ ಬರುತ್ತದೆ. ಹಿಂದಿನವರ ಚಪ್ಪಾಳೆ ಮುಂದಿನವರಿಗಿಂತ ಅರ್ಧ ಹೊಡೆತ ಹಿಂದೆ. ಗಾಯಕನ ಮುಖ ಬೆರಳಿನ ಉಗುರಿನಷ್ಟು, ನೋಡುವುದೆಲ್ಲ ಪರದೆಯನ್ನೇ. ವಿಡಿಯೋ ಕರೆಯಲ್ಲಿ ನಾವು ಬೈದ ತಡ, ನಾವು ಬೈದ ಪರದೆ, ಎರಡಕ್ಕೂ ಇಲ್ಲಿ ಸಾವಿರಾರು ರೂಪಾಯಿ ಕೊಟ್ಟಿರುತ್ತೇವೆ. ಜನಸಾಗರದ ಮಜಾ ಬೇರೆ, ಅದನ್ನು ಅಲ್ಲಗಳೆಯುತ್ತಿಲ್ಲ. ಸಾಲಿನಲ್ಲಿ ನಾನೂ ನಿಂತಿರುತ್ತೇನೆ.

ಬೆಳೆದದ್ದು ಈ ದೊಡ್ಡದು. ಇನ್ನೂರು ಜನ ಹಿಡಿಯುವ ಕೋಣೆಗಳದ್ದು ಮೊದಲಿನಿಂದಲೂ ಏಗಾಟವೇ. ಲೋವರ್ ಪರೇಲಿನಲ್ಲಿ 2007ರಲ್ಲಿ ತೆರೆದು ಒಂದು ತಲೆಮಾರಿನ ಬ್ಯಾಂಡುಗಳನ್ನು ಸಾಕಿದ ಬ್ಲೂ ಫ್ರಾಗ್ ಕ್ಲಬ್ಬು ಮುಚ್ಚಿದ್ದು 2016ರಲ್ಲಿ, ಕೋವಿಡ್ ಹೆಸರೂ ಗೊತ್ತಿಲ್ಲದಾಗ. ಎಲ್ಲ ಪಾಪವನ್ನೂ ವೈರಾಣುವಿನ ತಲೆಗೆ ಕಟ್ಟುವಂತಿಲ್ಲ. ಬಾಡಿಗೆ, ಲೈಸೆನ್ಸು, ಹತ್ತು ಗಂಟೆಯ ಗಡುವು, ಶನಿವಾರ ಸಂಜೆ ಡಿಜೆ ಕರೆಸಿದರೆ ಬಾರಿನ ವ್ಯಾಪಾರ ದುಪ್ಪಟ್ಟು ಎಂಬ ಆಸೆ, ಇವು ಮೊದಲೂ ಇದ್ದವು. ಮೈಸೂರಿನ ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ವಪದಗಳನ್ನು ಎಲೆಕ್ಟ್ರಿಕ್ ಗಿಟಾರಿನೊಂದಿಗೆ ಹಾಡಿ ಕನ್ನಡ ಬಾರದವರನ್ನೂ ಕುಣಿಸಿದರಲ್ಲ, ಆ ಬಗೆಯ ಹಾಡು ನೇರ ಕ್ರೀಡಾಂಗಣದಲ್ಲಿ ಹುಟ್ಟುವುದಿಲ್ಲ. ಡ್ರಮ್ಮರ್‌ನಿಂದ ಗಿಟಾರಿಗೆ ಎರಡು ಮೀಟರ್, ಗಿಟಾರಿನಿಂದ ಕೇಳುಗನಿಗೆ ಮೂರು ಮೀಟರ್ ಇರುವ ಕೋಣೆ ಬೇಕು, ಹಾಡು ಕೆಟ್ಟದಾಗಿದ್ದರೆ ಆ ಗಳಿಗೆಯಲ್ಲೇ ಮುಖದಲ್ಲಿ ತೋರಿಸುವ ಕೇಳುಗರು ಬೇಕು.

ಅಂಥ ಕೋಣೆಗಳು ಮುಂಬಯಿ, ಪುಣೆಗಳಲ್ಲಿ ಈಗಲೂ ಇವೆ, ಗುರುವಾರ, ಶುಕ್ರವಾರ ಹೊಸ ಬ್ಯಾಂಡುಗಳು ನುಡಿಸುತ್ತವೆ. ಪ್ರವೇಶಕ್ಕೆ ಕೆಲವು ನೂರು ರೂಪಾಯಿ. ಹೋದರೆ ಸ್ಪೀಕರಿನ ಬುಡದಲ್ಲಿ ನಿಲ್ಲಬೇಡಿ, ಮಿಕ್ಸಿಂಗ್ ಕನ್ಸೋಲಿನ ಹತ್ತಿರ ನಿಲ್ಲಿ. ಸದ್ದಿನ ಹದ ನೋಡುವವನು ಅಲ್ಲಿ ಕೇಳಿಸುವುದನ್ನೇ ಸರಿಮಾಡುತ್ತಿರುತ್ತಾನೆ. ಕಿವಿಗೆ ಇಯರ್‌ಪ್ಲಗ್ ಇರಲಿ. ಕಛೇರಿಗಳಲ್ಲಿ ಸರಾಸರಿ ಸದ್ದು 100 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿದೆ, ಆದರೆ ಸಣ್ಣ ಕೋಣೆಯಲ್ಲಿ ಡ್ರಮ್ಮರ್‌ನ ಕೈಗೆ ಆ ಸುತ್ತೋಲೆ ತಲುಪಿರುವುದಿಲ್ಲ. ಬಾಗಿಲಲ್ಲಿ ಒಂದು ನಿಮಿಷ ನಿಂತು, ಗಾಳಿ ಹೊರಗೆ ಎಳೆಯುವ ಎಕ್ಸಾಸ್ಟ್ ಫ್ಯಾನು ತಿರುಗುತ್ತಿದೆಯೇ ಎಂದೂ ನೋಡಿಕೊಳ್ಳಿ.